ಮಾತ್ರೆಯಲ್ಲಿ ಮದ್ದೆಷ್ಟು? ಬ್ಯೂರೆಟ್ ಹೇಳಿದ್ದು, ಹೇಳದೆ ಬಿಟ್ಟದ್ದು

ನೋವಿನ ಮಾತ್ರೆ ಎಂದರೆ ಪೂರ್ತಿ ಮದ್ದಲ್ಲ. ಪಿಷ್ಟ, ಟಾಲ್ಕ್, ಮೆಗ್ನೀಸಿಯಂ ಸ್ಟಿಯರೇಟ್ ಎಲ್ಲ ಸೇರಿ ಅದು ಮಾತ್ರೆಯ ರೂಪಕ್ಕೆ ಬರುತ್ತದೆ. ಹಾಗಾದರೆ ಚೀಟಿಯ ಮೇಲೆ ಬರೆದಷ್ಟು ಮದ್ದು ಒಳಗೆ ಇದೆಯೆಂದು ನಂಬುವುದು ಹೇಗೆ? ಬಹುಕಾಲ ಇದಕ್ಕೆ ಉತ್ತರ ಕೊಟ್ಟದ್ದು ಟೈಟ್ರೇಶನ್, ಅಂದರೆ ಅನುಮಾಪನ: ಬಲ ಗೊತ್ತಿರುವ ದ್ರಾವಣವನ್ನು ಬ್ಯೂರೆಟ್ ಎಂಬ ಅಳತೆಗೊಳವೆಯಿಂದ ಹನಿಹನಿಯಾಗಿ ಸೇರಿಸಿ, ಕ್ರಿಯೆ ಮುಗಿಯಲು ಎಷ್ಟು ಬೇಕಾಯಿತೆಂದು ನೋಡುವುದು.

ಈ ವಿಧಾನ ಹುಟ್ಟಿದ್ದು ಔಷಧಕ್ಕಾಗಿ ಅಲ್ಲ, ಬಟ್ಟೆಗಾಗಿ. 1790ರ ದಶಕದಲ್ಲಿ ಫ್ರಾನ್ಸಿನ ರೂಆಂನಲ್ಲಿ ದೆಕ್ರ್ವಾಜಿಲ್ ಎಂಬ ರಸಾಯನಜ್ಞ, ಬಟ್ಟೆ ಬಿಳುಪಾಗಿಸುವ ಕ್ಲೋರಿನ್ ದ್ರಾವಣದ ಬಲವನ್ನು ನೀಲಿಯ ಬಣ್ಣ ಮಾಸುವುದರಿಂದ ಅಳೆದ. ಗೇ-ಲುಸಾಕ್ ಅದನ್ನು ಬೆಳ್ಳಿಯ ಪರಿಶುದ್ಧತೆ ನೋಡುವಷ್ಟು ನಿಖರಗೊಳಿಸಿದ. ಔಷಧ ತಯಾರಕರ ಕೈಗೆ ಇದನ್ನು ತಲುಪಿಸಿದವನು ಮಾತ್ರ ಕೋಬ್ಲೆನ್ಸಿನ ಕಾರ್ಲ್ ಫ್ರೀಡ್ರಿಶ್ ಮೋರ್. ಸ್ವತಃ ಔಷಧ ತಯಾರಕನಾಗಿದ್ದ ಅವನು 1855ರಲ್ಲಿ ಈ ವಿಧಾನಗಳನ್ನೆಲ್ಲ ಒಟ್ಟುಗೂಡಿಸಿ ಪಠ್ಯಪುಸ್ತಕ ಬರೆದ.

1897ರಲ್ಲಿ ಬೇಯರ್ ಕಂಪನಿಯಲ್ಲಿ ಶುದ್ಧ ಆಸ್ಪಿರಿನ್ ತಯಾರಾದಾಗ ಅದನ್ನು ಅಳೆಯುವ ಸಾಧನ ಆಗಲೇ ಸಿದ್ಧವಿತ್ತು. ಆಸ್ಪಿರಿನ್ ಒಂದು ಆಮ್ಲ; ಅದನ್ನು ಕ್ಷಾರದಿಂದ ಅಳೆದರಾಯಿತು. ತೊಡಕು ಬೇರೆಡೆ ಇತ್ತು. ಮಾತ್ರೆಯ ಪುಡಿ ನೀರಿನಲ್ಲಿ ಸರಿಯಾಗಿ ಕರಗದು, ಕ್ಷಾರ ಸೋಕಿದರೆ ಅಣುವೇ ನಿಧಾನವಾಗಿ ಒಡೆಯುತ್ತದೆ, ಮೂಡಿದ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ಫಾರ್ಮಾಕೋಪಿಯಾಗಳು, ಅಂದರೆ ಔಷಧ ಗುಣಮಟ್ಟದ ಅಧಿಕೃತ ಗ್ರಂಥಗಳು, ಹೆಚ್ಚಾಗಿ ಕ್ಷಾರ ಹಾಕಿ ಉಳಿದದ್ದನ್ನು ಅಳೆಯುವ ಬ್ಯಾಕ್ ಟೈಟ್ರೇಶನ್ ಹಿಡಿದವು. 20 ಮಾತ್ರೆ ತೂಗಿ, ಅರೆದು, 500 ಮಿ.ಗ್ರಾಂ ಆಸ್ಪಿರಿನ್ ಇರಬೇಕಾದಷ್ಟು ಪುಡಿಯನ್ನು 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನ 30 ಮಿ.ಲೀ.ಗೆ ಹಾಕಿ 10 ನಿಮಿಷ ಮೆಲ್ಲಗೆ ಕುದಿಸಬೇಕು. ಉಳಿದ ಕ್ಷಾರವನ್ನು ಅಷ್ಟೇ ಬಲದ ಹೈಡ್ರೋಕ್ಲೋರಿಕ್ ಆಮ್ಲದಿಂದ ಅಳೆಯಬೇಕು. ಫೀನಾಲ್ ರೆಡ್ ಎಂಬ ಸೂಚಕ ಕೆಂಪಿನಿಂದ ಹಳದಿಗೆ ತಿರುಗಿದಲ್ಲಿ ಎಂಡ್ ಪಾಯಿಂಟ್, ಅಂದರೆ ಅಳತೆ ನಿಲ್ಲಿಸುವ ಬಿಂದು.

ಒಂದು ಮಿ.ಲೀ. ಕ್ಷಾರಕ್ಕೆ 45.04 ಮಿ.ಗ್ರಾಂ ಆಸ್ಪಿರಿನ್ ಲೆಕ್ಕ. ಹಾಗೆ ನೋಡಿದರೆ ಮಾತ್ರೆ ಸರಿಯಿದ್ದಲ್ಲಿ ಆ ಪುಡಿ ಸುಮಾರು 11.1 ಮಿ.ಲೀ. ಕ್ಷಾರ ಬಳಸುತ್ತದೆ. ಶೇ. 95ರಿಂದ 105ರ ಮಿತಿ ಎಂದರೆ ಬ್ಯೂರೆಟ್ಟಿನಲ್ಲಿ ಬರೀ 1.1 ಮಿ.ಲೀ. ಅಂತರ. ಒಂದು ಹನಿ ಹೆಚ್ಚು ಬಿದ್ದರೂ ಫಲಿತಾಂಶ ಶೇ. 0.4ಕ್ಕಿಂತ ಹೆಚ್ಚು ಕದಲುತ್ತದೆ. ಕುದಿಯುವಾಗ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. ಆದ್ದರಿಂದ ಮಾತ್ರೆಯಿಲ್ಲದ ಬ್ಲ್ಯಾಂಕ್ ಪ್ರಯೋಗ ಕಡ್ಡಾಯ. ಇದನ್ನು ಬಿಟ್ಟು ಲೆಕ್ಕ ಬರೆಯುವವರನ್ನು ನಾನು ಒಪ್ಪುವುದಿಲ್ಲ.

ಇಷ್ಟು ಚೊಕ್ಕ ವಿಧಾನದೊಳಗೇ ದೊಡ್ಡ ದೋಷವೂ ಇದೆ. ತೇವ ತಗುಲಿದ ಆಸ್ಪಿರಿನ್ ಸ್ಯಾಲಿಸಿಲಿಕ್ ಆಮ್ಲವಾಗಿಯೂ ಅಸಿಟಿಕ್ ಆಮ್ಲವಾಗಿಯೂ ಒಡೆಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಡಬ್ಬಿ ತೆರೆದರೆ ಬರುವ ವಿನೆಗರ್ ವಾಸನೆ ಇದರದೇ. ಒಡೆಯದ ಒಂದು ಅಣು ಎರಡು ಪಾಲು ಕ್ಷಾರ ಬಳಸುತ್ತದೆ. ಒಡೆದು ಎರಡಾದಾಗಲೂ ಒಟ್ಟು ಎರಡೇ ಪಾಲು. ಹಾಗಾಗಿ ಅಸಿಟಿಕ್ ಆಮ್ಲ ಆವಿಯಾಗಿ ಹೋಗದಿದ್ದರೆ ಕೆಟ್ಟ ಮಾತ್ರೆಯೂ ಪರೀಕ್ಷೆಯಲ್ಲಿ ಪಾಸು! ಬ್ಯೂರೆಟ್ ಅಳೆಯುವುದು ಆಮ್ಲವನ್ನು, ಮದ್ದನ್ನಲ್ಲ. ಈ ಕ್ಷೇತ್ರ ಮುಂದೆ ಬೆಳೆದದ್ದೆಲ್ಲ ಈ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನವೆಂದೇ ನನ್ನ ಅಭಿಪ್ರಾಯ. ಮೊದಲ ಹೆಜ್ಜೆ ಸರಳವಾಗಿತ್ತು: ಟೈಟ್ರೇಶನ್ ಜೊತೆಗೆ ಫೆರಿಕ್ ಲವಣ ಹಾಕಿ ನೋಡುವುದು. ಬಿಡಿ ಸ್ಯಾಲಿಸಿಲಿಕ್ ಆಮ್ಲವಿದ್ದರೆ ನೇರಳೆ ಬಣ್ಣ ಬಂದೇ ಬರುತ್ತದೆ.

ಹೊಸ ಮದ್ದುಗಳು ಬಂದಂತೆ ಹೊಸ ದಾರಿಗಳೂ ಬೇಕಾದವು. ಐಬುಪ್ರೊಫೆನ್ ನೀರಿಗೆ ಕರಗದು. ಮಾತ್ರೆಯ ಪುಡಿಯಿಂದ ಅದನ್ನು ಕ್ಲೋರೋಫಾರ್ಮಿನಲ್ಲಿ ಸೆಳೆದು, ಆಮೇಲೆ ಆಲ್ಕೋಹಾಲಿನಲ್ಲಿ ಕರಗಿಸಿ ಕ್ಷಾರದಿಂದ ಅಳೆದರು. ಮಾತ್ರೆಯಲ್ಲಿ ಸ್ಟಿಯರಿಕ್ ಆಮ್ಲವಿದ್ದರೆ ಅದೂ ಜೊತೆಗೆ ಬಂದು ಲೆಕ್ಕ ಕೆಡಿಸುತ್ತಿತ್ತು. ಡೈಕ್ಲೋಫೆನಾಕ್ ಸೋಡಿಯಂಗೆ ನೀರನ್ನೇ ದೂರವಿಟ್ಟು, ಅಸಿಟಿಕ್ ಆಮ್ಲದಲ್ಲಿ ಪರ್ಕ್ಲೋರಿಕ್ ಆಮ್ಲ ಬಳಸಿದರು. ಪ್ಯಾರಾಸಿಟಮಾಲ್ ತೀರ ದುರ್ಬಲ ಆಮ್ಲ. ಅದನ್ನು ಗಂಧಕಾಮ್ಲದಲ್ಲಿ ಕುದಿಸಿ ಒಡೆದು, ಬಂದ ಅಮಿನೋಫೀನಾಲನ್ನು ಸೀರಿಯಂ ಲವಣದಿಂದ ಅಳೆಯಬೇಕಾಯಿತು. ಆದರೆ ಪ್ಯಾರಾಸಿಟಮಾಲ್ ಕೆಟ್ಟಾಗ ಹುಟ್ಟುವ ಕಶ್ಮಲವೂ ಅದೇ ಅಮಿನೋಫೀನಾಲ್! ಪ್ಯಾರಾಸಿಟಮಾಲ್ ಮಾತ್ರೆಗಳಿಗಂತೂ 257 ನ್ಯಾನೊಮೀಟರಿನ ಅತಿನೇರಳೆ ಬೆಳಕಿನ ಅಳತೆ ಬಂತು.

ನಮ್ಮಲ್ಲಿ 1930ರಲ್ಲಿ ನೇಮಕವಾದ ಚೋಪ್ರಾ ಸಮಿತಿ ಔಷಧಗಳ ಗುಣಮಟ್ಟದ ಪ್ರಶ್ನೆ ಎತ್ತಿಕೊಂಡಿತು. 1940ರಲ್ಲಿ ಔಷಧ ಕಾಯಿದೆ, 1955ರಲ್ಲಿ ಭಾರತೀಯ ಫಾರ್ಮಾಕೋಪಿಯಾ ಬಂದವು. 1970ರ ದಶಕದಿಂದ ಎಚ್‌ಪಿಎಲ್‌ಸಿ (ದ್ರವ ಕ್ರೊಮ್ಯಾಟೋಗ್ರಫಿ) ಯಂತ್ರ ಮದ್ದನ್ನೂ ಅದರ ಕಶ್ಮಲಗಳನ್ನೂ ಬೇರ್ಪಡಿಸಿ ಅಳೆಯತೊಡಗಿ, ಮಾತ್ರೆಗಳ ಪರೀಕ್ಷೆ ಬಹುಮಟ್ಟಿಗೆ ಅದರ ಪಾಲಾಯಿತು.

ಆದರೂ ಬ್ಯೂರೆಟ್ ಮೂಲೆಗೆ ಸೇರಿಲ್ಲ. ಎಚ್‌ಪಿಎಲ್‌ಸಿಗೆ ಹೋಲಿಸಿ ನೋಡಲು ಅದೇ ಮದ್ದಿನ ಶುದ್ಧ ಮಾದರಿ ಬೇಕು. ಟೈಟ್ರೇಶನ್‌ಗೆ ಅದು ಬೇಡ. ತೂಗಿದ ಪೊಟ್ಯಾಶಿಯಂ ಹೈಡ್ರೋಜನ್ ಥಾಲೇಟಿನಿಂದ ಕ್ಷಾರದ ಬಲ ಗೊತ್ತುಮಾಡಿಕೊಂಡರೆ ಸಾಕು. ಅದಕ್ಕಾಗಿಯೇ ಕಾರ್ಖಾನೆಗೆ ಬರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕಚ್ಚಾ ಪುಡಿಯನ್ನು ಇವತ್ತಿಗೂ ಟೈಟ್ರೇಶನ್ ಮಾಡಿಯೇ ಅಳೆಯುತ್ತಾರೆ, ಎಷ್ಟೋ ಕಡೆ ಬಣ್ಣದ ಬದಲು ಎಲೆಕ್ಟ್ರೋಡಿನ ರೀಡಿಂಗ್ ನೋಡಿಕೊಂಡು.