ಜೀಪಿನ ಬ್ರೇಕು ಮತ್ತು ಬ್ರೇಕ್ ಇನ್ಸ್‌ಪೆಕ್ಟರು

ನಮ್ಮ ತುಮಕೂರು ಸೀಮೆಯಲ್ಲಿ ಮೋಟಾರು ವಾಹನ ನಿರೀಕ್ಷಕರನ್ನು ಆ ಹೆಸರಿನಿಂದ ಕರೆದವರನ್ನು ನಾನು ಕಂಡಿರುವುದು ಕಡಿಮೆ. ಜನರ ಬಾಯಲ್ಲಿ ಅವರು ‘ಬ್ರೇಕ್ ಇನ್ಸ್‌ಪೆಕ್ಟರು’. ಅವರು ದೀಪ ನೋಡುತ್ತಾರೆ, ಹಾರನ್ ಕೇಳುತ್ತಾರೆ, ಟೈರು ಮುಟ್ಟುತ್ತಾರೆ, ಕಾಗದಪತ್ರ ತಿರುವಿ ಹಾಕುತ್ತಾರೆ, ಲೈಸೆನ್ಸಿಗೆ ಬಂದವರನ್ನು ಪರೀಕ್ಷಿಸುತ್ತಾರೆ. ಇಷ್ಟೆಲ್ಲದರ ನಡುವೆ ಜನರು ಆರಿಸಿಕೊಂಡದ್ದು ಬ್ರೇಕನ್ನು. ಯಾವ ಸರ್ಕಾರಿ ಆದೇಶವೂ ಇಲ್ಲದೆ ಹುಟ್ಟಿದ ಈ ಪದವಿಯ ಹೆಸರಿನಲ್ಲಿ ಜನಸಾಮಾನ್ಯರ ವಿವೇಕವೊಂದು ಅಡಗಿದೆ ಎಂದು ನನಗೆ ಬಹುಕಾಲದಿಂದ ಅನಿಸಿದೆ. ಆ ವಿವೇಕ ನನಗೆ ಅರ್ಥವಾದದ್ದು ಮಾತ್ರ ತಡವಾಗಿ, ಅದೂ ಒಂದು ಜೀಪಿನ ದೆಸೆಯಿಂದ. ಆ ಪ್ರಸಂಗಕ್ಕೆ ಬರುವ ಮುನ್ನ ಜೀಪಿನ ಪೂರ್ವೋತ್ತರವನ್ನು ಸ್ವಲ್ಪ ನೋಡೋಣ.

ಜೀಪು ಯುದ್ಧದ ಕೂಸು. ಅಮೆರಿಕದ ಬ್ಯಾಂಟಮ್ ಎಂಬ ಸಣ್ಣ ಕಂಪನಿ 1940ರ ಸೆಪ್ಟೆಂಬರಿನಲ್ಲಿ ಇದರ ಮೊದಲ ಮಾದರಿಯನ್ನು ಅಲ್ಲಿನ ಸೈನ್ಯಕ್ಕೆ ಒಪ್ಪಿಸಿತು. ದೊಡ್ಡ ಪ್ರಮಾಣದ ತಯಾರಿಕೆ ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಮೀರಿ ಜೀಪುಗಳು ಹೊರಬಿದ್ದಿದ್ದವು. ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಆ್ಯಂಡ್ ಮಹಮ್ಮದ್ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆ, ಪಾಲುದಾರ ಗುಲಾಮ್ ಮಹಮ್ಮದರು ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾಗಿ ಹೊರಟುಹೋದ ಮೇಲೆ, 1948ರಲ್ಲಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದ್ದು ಈ ಸಂಸ್ಥೆಯೇ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲಂತೂ ಜೀಪು ಹಳ್ಳಿಗೆ ಸರ್ಕಾರದ ಮುಖವೇ ಆಗಿಹೋಯಿತು. ಗುಬ್ಬಿಯ ಅಡಕೆ ತೋಟದ ಸಾಲಿನಲ್ಲಿ, ಕುಣಿಗಲ್ಲಿನ ದೊಡ್ಡ ಕೆರೆಯ ಏರಿಯ ಮೇಲೆ ದೂಳೆಬ್ಬಿಸುತ್ತ ಬರುವ ಜೀಪೆಂದರೆ ಒಂದೋ ಬ್ಲಾಕಿನವರು, ಇಲ್ಲವೇ ಮಲೇರಿಯಾ ಔಷಧ ಹೊಡೆಯುವವರು, ಇಲ್ಲವೇ ಚುನಾವಣೆಯವರು. ನಾವು ಹುಡುಗರು ಹಿಂದೆ ಓಡುತ್ತಿದ್ದೆವು.

ಕೆಸರಿನಲ್ಲಿ ಹೂತ ಜೀಪು ನಾಲ್ಕೂ ಚಕ್ರಗಳಿಂದ ನೆಲವನ್ನು ಕಚ್ಚಿ ಮೇಲೇಳುವುದನ್ನು ಕಂಡವರಿಗೆ ಅದರ ಶಕ್ತಿಯ ಬಗ್ಗೆ ಭಕ್ತಿಯೇ ಹುಟ್ಟುತ್ತಿತ್ತು. ಈ ಭಕ್ತಿಯಲ್ಲಿ ಒಂದು ಭ್ರಮೆಯೂ ಸೇರಿಕೊಂಡಿತ್ತು. ನಾಲ್ಕು ಚಕ್ರಗಳೂ ಎಳೆಯುವ ಗಾಡಿ ನಿಲ್ಲುವುದರಲ್ಲಿಯೂ ಉಳಿದ ಗಾಡಿಗಳಿಗಿಂತ ಗಟ್ಟಿ ಎಂದು ಬಹಳ ಮಂದಿ ನಂಬಿದ್ದರು, ಈಗಲೂ ನಂಬುತ್ತಾರೆ. ಇದು ತಪ್ಪು. ಬ್ರೇಕು ಸಾಮಾನ್ಯ ಕಾರಿನಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಫೋರ್ ವೀಲ್ ಹಾಕಿದ ಮಾತ್ರಕ್ಕೆ ಬ್ರೇಕಿನ ಬಲ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಹೊರಡುವ ಬಲ ಬೇರೆ, ನಿಲ್ಲುವ ಬಲ ಬೇರೆ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆಂಬ ಲೆಕ್ಕಕ್ಕೆ ಜೀಪೂ ಒಂದೇ, ಅಂಬಾಸಿಡರೂ ಒಂದೇ.

ಕಾಲಬ್ರೇಕಿನ ತತ್ತ್ವವನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಬೋಧಿಸಿದ್ದೇನೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದು ಹದಿನೇಳನೆಯ ಶತಮಾನದ ಪಾಸ್ಕಲನ ನಿಯಮ. ಅದನ್ನು ಮೋಟಾರು ಗಾಡಿಗೆ ಹೂಡಿದ ಕೀರ್ತಿ ಅಮೆರಿಕದ ಮಾಲ್ಕಂ ಲಾಕ್‌ಹೀಡ್‌ನಿಗೆ ಸಲ್ಲುತ್ತದೆ. ತಮ್ಮ ಅಲನ್‌ನೊಡನೆ ವಿಮಾನ ಕಟ್ಟಿದವನೂ ಇವನೇ. ಹಾರುವುದನ್ನು ಕಲಿಸಿದ ಮನೆತನವೇ ನಿಲ್ಲುವುದನ್ನೂ ಕಲಿಸಿತು! 1921ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ದುಬಾರಿ ಕಾರಿನ ನಾಲ್ಕೂ ಚಕ್ರಗಳಿಗೆ ಈ ದ್ರವದ ಬ್ರೇಕು ಬಂದಿತು. ಇಪ್ಪತ್ತು ವರ್ಷಗಳಲ್ಲಿ ಅದೇ ತತ್ತ್ವ ಯುದ್ಧದ ಜೀಪಿಗೂ ಇಳಿಯಿತು. ಒಂಬತ್ತು ಅಂಗುಲದ ಡ್ರಮ್ಮು, ಅದರೊಳಗೆ ಎರಡು ಬ್ರೇಕ್ ಶೂಗಳು, ಅವುಗಳನ್ನು ಅಗಲಿಸುವ ವೀಲ್ ಸಿಲಿಂಡರು. ಆದರೆ ಎಲ್ಲಕ್ಕೂ ಇದ್ದದ್ದು ಒಂದೇ ಮಾಸ್ಟರ್ ಸಿಲಿಂಡರು, ಒಂದೇ ದ್ರವದ ದಾರಿ. ಸಮನಾಗಿ ಹರಡುವ ಒತ್ತಡ ಸಮನಾಗಿ ನಷ್ಟವೂ ಆಗುತ್ತದೆ. ಒಂದು ಚಕ್ರದ ಬಳಿಯ ಹೋಸು ಒಡೆದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಇಲ್ಲವಾಗುತ್ತಿತ್ತು. ಮಾಸ್ಟರ್ ಸಿಲಿಂಡರನ್ನು ಎರಡು ಭಾಗ ಮಾಡಿ, ಒಂದು ಕೈಕೊಟ್ಟರೂ ಇನ್ನೊಂದು ಉಳಿಯುವಂತೆ ಮಾಡುವ ಏರ್ಪಾಡು ಅಮೆರಿಕದಲ್ಲೇ ಕಡ್ಡಾಯವಾದದ್ದು 1968ರಲ್ಲಿ. ನಮ್ಮ ಜೀಪುಗಳಿಗೆ ಅದು ಬಂದದ್ದು ಇನ್ನೂ ನಿಧಾನವಾಗಿ.

ಈಗ ಕೈಬ್ರೇಕಿನ ವಿಷಯ. ಹಳೆಯ ಜೀಪಿನ ಕೈಬ್ರೇಕು ಚಕ್ರದಲ್ಲಿ ಇರಲಿಲ್ಲ. ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೊರಡುವ ಶಾಫ್ಟಿನ ಬುಡದಲ್ಲಿ ಒಂದು ಸಣ್ಣ ಡ್ರಮ್ಮು ಇರುತ್ತಿತ್ತು. ಕೈಬ್ರೇಕು ಹಿಡಿಯುತ್ತಿದ್ದುದು ಅದನ್ನು. ಕೆಸರು ನೀರಿನಿಂದ ದೂರ, ಎತ್ತರದ ಜಾಗ, ಸರಳ ರಚನೆ; ಯುದ್ಧಭೂಮಿಗೆ ಹೇಳಿ ಮಾಡಿಸಿದ್ದು. ಬೆಂಗಳೂರು ಹೊನ್ನಾವರ ರಸ್ತೆಯನ್ನು ನಾವು ಬಿ.ಎಚ್. ರಸ್ತೆ ಎನ್ನುತ್ತೇವಷ್ಟೆ, ಆ ರಸ್ತೆಯ ವರ್ಕ್‌ಷಾಪುಗಳಲ್ಲಿ ಜೀಪಿನ ಹೊಟ್ಟೆಯ ಕೆಳಗೆ ಮಲಗಿ ದುಡಿದವರಿಗೆಲ್ಲ ಇದು ತಿಳಿದ ಸಂಗತಿ. ವಿಜ್ಞಾನದ ಮೇಷ್ಟರಾದ ನನಗೆ ತಿಳಿದಿರಲಿಲ್ಲ.

1989ರ ನವೆಂಬರಿನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ನನಗೆ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆಯ ಒಂದು ಮತಗಟ್ಟೆಗೆ ನಿಯೋಜನೆಯಾಯಿತು. ಮತಪೆಟ್ಟಿಗೆಗಳೊಡನೆ ಐದು ಮಂದಿ ಒಂದು ಇಲಾಖೆಯ ಹಳೆಯ ಜೀಪಿನಲ್ಲಿ ಹೊರಟೆವು. ಗುಡ್ಡದ ಏರಿನಲ್ಲಿ ಎಡಗಡೆಯ ಹಿಂದಿನ ಟೈರು ಪಂಕ್ಚರಾಯಿತು. ಚಾಲಕರು ಕೈಬ್ರೇಕನ್ನು ಬಲವಾಗಿ ಎಳೆದರು, ಗೇರನ್ನೂ ಹಾಕಿದರು. ನಮ್ಮೊಡನೆ ಇದ್ದ ಹಿರಿಯ ದಫೇದಾರರು, ‘ನೀವು ಬುಡಿ ಸಾಮಿ, ನಾನ್ ನೋಡ್ಕತೀನಿ’ ಎಂದು ಜಾಕು ಹಿಡಿದು ಕುಳಿತರು. ಪಂಕ್ಚರಾದ ಚಕ್ರ ನೆಲ ಬಿಟ್ಟು ಒಂದೆರಡು ಬೆರಳಿನಷ್ಟು ಮೇಲೆದ್ದಿತ್ತು. ಅವರು ನಟ್ಟಿಗೆ ಸ್ಪಾನರ್ ಕೊಟ್ಟು ಎಳೆಯುವಷ್ಟರಲ್ಲಿ ಜೀಪು ಹಿಂದಕ್ಕೆ ಸರಿಯಿತು. ಜಾಕು ಓರೆಯಾಗಿ ಬಿದ್ದಿತು. ಅವರ ಬಲಗೈ ಚಕ್ರಕ್ಕೂ ನೆಲಕ್ಕೂ ನಡುವೆ ಸಿಕ್ಕಿತು. ನಾವೆಲ್ಲ ಸೇರಿ ಜೀಪನ್ನು ಎತ್ತಿ ಹಿಡಿದು ಕೈ ಬಿಡಿಸಿದೆವು. ಎರಡು ಬೆರಳುಗಳು ಆಮೇಲೆ ಮಡಿಸಲು ಬಾರದೇ ಹೋದವು. ಆ ರಾತ್ರಿ ಮತಗಟ್ಟೆಯಲ್ಲಿ ಲಾಟೀನಿನ ಬೆಳಕಿನಲ್ಲಿ ನಮೂನೆಗಳನ್ನು ತುಂಬುತ್ತ ಕುಳಿತಾಗ ನನ್ನ ಮನಸ್ಸಿನಲ್ಲಿದ್ದುದು ಒಂದೇ ಪ್ರಶ್ನೆ. ಕೈಬ್ರೇಕು ಎಳೆದಿತ್ತು, ಗೇರೂ ಹಾಕಿತ್ತು. ಗಾಡಿ ಸರಿದದ್ದು ಹೇಗೆ? ಚಾಲಕರನ್ನು ಎಲ್ಲರೂ ದೂರಿದರು, ನಾನೂ ದೂರಿದೆ. ಅದು ಅನ್ಯಾಯವೆಂದು ತಿಳಿದದ್ದು ಒಂದು ತಿಂಗಳ ನಂತರ.

ತುಮಕೂರಿನಲ್ಲಿ ಪರಿಚಿತರೊಬ್ಬರ ಜೀಪು ರಿಪೇರಿಗೆ ಬಿಟ್ಟಿದ್ದಾಗ ಅಲ್ಲಿನ ಹಿರಿಯ ಮೇಸ್ತ್ರಿಗಳ ಮುಂದೆ ಈ ಪ್ರಶ್ನೆ ಇಟ್ಟೆ. ಅವರು ನಕ್ಕರು. ‘ಮೇಷ್ಟ್ರೇ, ಅದು ಚಕ್ರ ಹಿಡಿಯಲ್ಲ, ಶಾಫ್ಟ್ ಹಿಡಿಯುತ್ತೆ. ಒಂದು ಚಕ್ರ ಎತ್ತಿದಿರೋ, ಮುಗೀತು’ ಎಂದು ಹೇಳಿ, ಜಾಕಿನ ಮೇಲಿದ್ದ ಜೀಪಿನ ಬಳಿಗೆ ಕರೆದೊಯ್ದರು. ಎರಡೂ ಹಿಂದಿನ ಚಕ್ರಗಳು ನೆಲ ಬಿಟ್ಟಿದ್ದವು, ಕೈಬ್ರೇಕು ಎಳೆದಿತ್ತು. ಅವರು ಬಲಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರು. ಎಡಚಕ್ರ ತಾನಾಗಿ ಹಿಂದಕ್ಕೆ ತಿರುಗಿತು. ಶಾಫ್ಟು ಕದಲಲಿಲ್ಲ. ಇದು ಡಿಫರೆನ್ಷಿಯಲ್ಲಿನ ಆಟ. ತಿರುವಿನಲ್ಲಿ ಒಳಚಕ್ರವೂ ಹೊರಚಕ್ರವೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಮಾಡಿರುವ ಏರ್ಪಾಡು ಅದು. ಶಾಫ್ಟನ್ನು ಹಿಡಿದು ನಿಲ್ಲಿಸಿದರೆ ಒಂದು ಚಕ್ರ ಎತ್ತ ತಿರುಗುವುದೋ ಇನ್ನೊಂದು ಅದರ ವಿರುದ್ಧಕ್ಕೆ ತಿರುಗಬಲ್ಲದು. ಎರಡೂ ನೆಲದ ಮೇಲಿದ್ದಾಗ ಹಾಗಾಗಲು ನೆಲವೇ ಬಿಡದು, ಗಾಡಿ ನಿಲ್ಲುತ್ತದೆ. ಒಂದನ್ನು ಎತ್ತಿದ ಕ್ಷಣ ಎತ್ತಿದ ಚಕ್ರ ಗಾಳಿಯಲ್ಲಿ ಹಿಮ್ಮುಖವಾಗಿ ಸುತ್ತುತ್ತದೆ, ನೆಲದ ಮೇಲಿನದು ಸ್ವತಂತ್ರವಾಗಿ ಉರುಳುತ್ತದೆ. ಗೇರು ಹಾಕಿದರೂ ಅಷ್ಟೇ, ಏಕೆಂದರೆ ಗೇರೂ ಹಿಡಿಯುವುದು ಶಾಫ್ಟನ್ನೇ. ಫೋರ್ ವೀಲ್ ಹಾಕಿದ್ದರೆ ಮುಂದಿನ ಶಾಫ್ಟೂ ಸಿಕ್ಕಿಬಿದ್ದು, ನೆಲದ ಮೇಲಿರುವ ಮುಂದಿನ ಎರಡು ಚಕ್ರಗಳು ಗಾಡಿಯನ್ನು ತಡೆಯುತ್ತಿದ್ದವು. ಅದೂ ಮುಂದಿನ ಹಬ್ಬುಗಳನ್ನು ಬಿಡಿಸಿಟ್ಟಿದ್ದರೆ ಇಲ್ಲ. ‘ಇದೆಲ್ಲ ಯಾಕೆ, ಹಿಂದಕ್ಕೆ ಎರಡು ಕಲ್ಲು ಕೊಡಿ’ ಎಂದರು ಮೇಸ್ತ್ರಿಗಳು. ನಮ್ಮ ಸುತ್ತ ಅಂದು ಹುಲಿಯೂರುದುರ್ಗದ ಗುಡ್ಡದಲ್ಲಿ ಕಲ್ಲಿಗೇನು ಬರವಿತ್ತೆ?

ಆ ಮೇಸ್ತ್ರಿಗಳ ವರ್ಕ್‌ಷಾಪಿಗೆ ಆಮೇಲೆ ನಾನು ಬಿಡುವಾದಾಗಲೆಲ್ಲ ಹೋಗುತ್ತಿದ್ದೆ. ಜೀಪಿನ ಬ್ರೇಕು ತಾನಾಗಿ ಸರಿಹೊಂದಿಕೊಳ್ಳುವಂಥದ್ದಲ್ಲ. ಲೈನಿಂಗು ಸವೆದಂತೆ ಪೆಡಲು ಕೆಳಗಿಳಿಯುತ್ತ ಹೋಗುತ್ತದೆ. ಚಕ್ರವನ್ನು ಎತ್ತಿ, ಶೂ ಡ್ರಮ್ಮನ್ನು ಕಚ್ಚುವವರೆಗೆ ತಿರುವಿ, ಚಕ್ರ ಸಡಿಲವಾಗಿ ಸುತ್ತುವಷ್ಟು ಹಿಂದಕ್ಕೆ ಬಿಡಬೇಕು. ಹೀಗೆ ನಾಲ್ಕು ಚಕ್ರಕ್ಕೂ. ಡ್ರಮ್ಮು ಬಿಚ್ಚಿದೊಡನೆ ಅವರು ಮೊದಲು ನೋಡುತ್ತಿದ್ದುದು ಒದ್ದೆಯನ್ನು. ಫೋರ್ ವೀಲ್ ಗಾಡಿಯ ವಿಶೇಷ ಪೀಡೆಯೆಂದರೆ ಮುಂದಿನ ಚಕ್ರಗಳಿಗೂ ಆಕ್ಸಲ್ ಇರುವುದು. ಅದರ ಆಯಿಲ್ ಸೀಲು ಸವೆದರೆ ಗೇರ್ ಆಯಿಲು ಲೈನಿಂಗಿಗೆ ಹತ್ತಿ ಆ ಚಕ್ರದ ಬ್ರೇಕು ಜಾರುತ್ತದೆ, ಗಾಡಿ ಎದುರು ಬದಿಗೆ ಎಳೆಯುತ್ತದೆ. ಆಗ ಲೈನಿಂಗು ಬದಲಿಸಿದರೆ ಸಾಲದು, ಸೀಲನ್ನೂ ಬದಲಿಸಬೇಕು. ಬ್ರೇಕ್ ಆಯಿಲಿನ ಬದಲು ಎಂಜಿನ್ ಆಯಿಲು ಸುರಿದ ಮಹಾನುಭಾವರನ್ನೂ ಅವರು ಕಂಡಿದ್ದರು. ಒಳಗಿನ ರಬ್ಬರು ವಾಷರುಗಳೆಲ್ಲ ಊದಿಕೊಂಡು ಇಡೀ ವ್ಯವಸ್ಥೆಯೇ ಕೆಡುತ್ತದೆ.

ಬ್ರೇಕ್ ಆಯಿಲಿಗೆ ಇನ್ನೊಂದು ಗುಣವಿದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಬಗೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಸುಮಾರು 3,900 ಅಡಿ ಎತ್ತರದ ದೇವರಾಯನದುರ್ಗದಿಂದ ಬ್ರೇಕನ್ನೇ ತುಳಿಯುತ್ತ ಇಳಿದರೆ ಡ್ರಮ್ಮು ಕಾದು, ಆಯಿಲು ಕುದಿದು, ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲು ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ. ‘ಹತ್ತಿದ ಗೇರಿನಲ್ಲೇ ಇಳಿ’ ಎಂಬ ಹಳೆಯ ಚಾಲಕರ ಮಾತಿನ ಅರ್ಥ ಇದು. ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿರಬೇಕು. ಆ ಹೊತ್ತಿಗೆ ಜೀಪಿನ ಲೋ ಗೇರು ನಿಜವಾದ ವರ. ಎರಡು ವರ್ಷಕ್ಕೊಮ್ಮೆಯಾದರೂ ಹಳೆಯ ಆಯಿಲು ತೆಗೆದು, ದೂರದ ಚಕ್ರದಿಂದ ಆರಂಭಿಸಿ ಒಂದೊಂದರ ನಿಪ್ಪಲ್ಲಿನಿಂದ ಗಾಳಿ ತೆಗೆಯಬೇಕು. ಒಬ್ಬ ಪೆಡಲು ಒತ್ತಿ ಹಿಡಿಯುವುದು, ಇನ್ನೊಬ್ಬ ನಿಪ್ಪಲ್ಲು ಬಿಡುವುದು, ಬಾಟಲಿಯಲ್ಲಿ ಗುಳ್ಳೆ ನಿಲ್ಲುವವರೆಗೆ. ಈ ಕೆಲಸದಲ್ಲಿ ನಾನೂ ಹಲವು ಸಲ ಪೆಡಲು ತುಳಿದಿದ್ದೇನೆ. ಒಂದು ಮಾತ್ರ ಈಗ ನೆನೆದರೆ ಭಯವಾಗುತ್ತದೆ. ಆಗಿನ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತಿತ್ತು. ಡ್ರಮ್ಮಿನ ದೂಳನ್ನು ಹುಡುಗರು ಬಾಯಿಂದಲೇ ಊದುತ್ತಿದ್ದರು. ಆ ದೂಳು ಶ್ವಾಸಕೋಶಕ್ಕೆ ಮಾರಕವೆಂದು ಅವರಿಗೆ ಯಾರೂ ಹೇಳಿರಲಿಲ್ಲ, ವಿಜ್ಞಾನದ ಮೇಷ್ಟರೂ ಹೇಳಲಿಲ್ಲ.

ಕಾಕತಾಳೀಯವೆಂಬಂತೆ, ಆ ದುರ್ಘಟನೆ ನಡೆದ 1989ರಲ್ಲೇ ಕಾನೂನೂ ಬದಲಾಗಿತ್ತು. 1939ರ ಮೋಟಾರು ವಾಹನ ಕಾಯಿದೆ ಹೋಗಿ 1988ರ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂದಿತು. ಅದರೊಡನೆ ಬಂದ ಕೇಂದ್ರ ನಿಯಮಗಳಲ್ಲಿ 96ನೆಯದು ಬ್ರೇಕಿಗೇ ಮೀಸಲು. ಬಾಡಿಗೆಗೆ ಓಡುವ ಜೀಪು ನಿಗದಿತ ಅವಧಿಗೊಮ್ಮೆ ಎಫ್.ಸಿ. ಮಾಡಿಸಲೇಬೇಕು. ಆದರೆ ಸ್ವಂತದ ಜೀಪಿನ ನೋಂದಣಿ 15 ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ಅದರ ಬ್ರೇಕನ್ನು ಯಾವ ಇನ್ಸ್‌ಪೆಕ್ಟರೂ ನೋಡಬೇಕಿಲ್ಲ. ಆಮೇಲೆ ಐದು ವರ್ಷಕ್ಕೊಮ್ಮೆ. ಜನರು ಅಷ್ಟು ಗೌರವದಿಂದ ಬ್ರೇಕಿನ ಹೆಸರಿಟ್ಟ ಅಧಿಕಾರಿಯ ಕಣ್ಣಿಗೆ ತೋಟದ ಜೀಪು ಹದಿನೈದು ವರ್ಷ ಬೀಳದೇ ಇರಬಹುದೆಂಬುದು ನನಗೆ ಒಪ್ಪಿಗೆಯಾಗದ ಸಂಗತಿ.

ಈಗಿನ ಫೋರ್ ವೀಲ್ ಗಾಡಿಗಳ ಬಗೆ ಬೇರೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬಂದಿದೆ, ಕೈಬ್ರೇಕು ಹಿಂದಿನ ಚಕ್ರಗಳಿಗೇ ಹೋಗಿದೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎ.ಬಿ.ಎಸ್. ಕಡ್ಡಾಯ. ಕೆಲವು ಗಾಡಿಗಳಲ್ಲಿ ಕೆಸರಿನಲ್ಲಿ ಜಾರುವ ಚಕ್ರವನ್ನು ಬ್ರೇಕು ತಾನೇ ಹಿಡಿದು, ಬಲವನ್ನು ಇನ್ನೊಂದು ಚಕ್ರಕ್ಕೆ ದಾಟಿಸುತ್ತದೆ. ಅಂದು ದಫೇದಾರರ ಕೈಯನ್ನು ಬಲಿ ತೆಗೆದುಕೊಂಡ ಡಿಫರೆನ್ಷಿಯಲ್ಲಿನ ಅದೇ ಗುಣವನ್ನು ಇಂದು ಬ್ರೇಕಿನಿಂದಲೇ ಪಳಗಿಸಿದ್ದಾರೆ. ಕೆಸರಿನಲ್ಲಿ ಹೆಚ್ಚು ಓಡಿಸುವವರು ಇದರಿಂದ ಪ್ಯಾಡುಗಳು ಬೇಗ ಸವೆಯುತ್ತವೆಂಬುದನ್ನು ಗಮನಿಸಬೇಕು. ಯಂತ್ರದ ಮೂಲಕ ಎಫ್.ಸಿ. ಪರೀಕ್ಷೆ ಮಾಡುವ ಕೇಂದ್ರಗಳಿಗೆ 2021ರಲ್ಲಿ ನಿಯಮಗಳಾದವು. ಅಲ್ಲಿ ಚಕ್ರಗಳನ್ನು ರೋಲರಿನ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೆಯುತ್ತಾರೆ. ಫೋರ್ ವೀಲ್ ಹಾಕಿದ ಗಾಡಿಯನ್ನು ಹಾಗೆ ನಿಲ್ಲಿಸಿದರೆ ರೋಲರು ತಿರುಗಿಸಿದ ಚಕ್ರ ನೆಲದ ಮೇಲಿನ ಚಕ್ರಗಳನ್ನೂ ತಿರುಗಿಸಿ ಗಾಡಿ ಮುಂದಕ್ಕೆ ನೆಗೆಯಬಹುದು. ಟೂ ವೀಲಿಗೆ ಬದಲಿಸಿಯೇ ಹತ್ತಿಸಬೇಕು. ಶಾಫ್ಟನ್ನು ಹಿಡಿಯುವ ಹಳೆಯ ಕೈಬ್ರೇಕನ್ನಂತೂ ರೋಲರಿನ ಮೇಲೆ ಪರೀಕ್ಷಿಸುವುದು ತರವಲ್ಲ, ಇಳಿಜಾರಿನಲ್ಲಿ ನಿಲ್ಲಿಸಿ ನೋಡುವುದೇ ಸರಿ.

ಗುಬ್ಬಿಯ ಬಳಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಡಕೆ ತೋಟದಲ್ಲಿ ಅಂಥದೊಂದು ಜೀಪು ಇನ್ನೂ ಓಡುತ್ತಿದೆ. ಕಳೆದ ಸಲ ಹೋದಾಗ ಹಿಂದಿನ ಸೀಟಿನ ಕೆಳಗೆ ಹಲಸಿನ ಮರದಲ್ಲಿ ಕೆತ್ತಿದ ಎರಡು ಅಡೆಗಳಿದ್ದವು. ‘ನೀವು ತರಗತಿಯಲ್ಲಿ ಆ ದಫೇದಾರರ ಕಥೆ ಹೇಳಿದ್ದಿರಲ್ಲ ಸಾರ್’ ಎಂದ. ಪಾಸ್ಕಲನ ನಿಯಮ ನೆನಪಿದೆಯೇ ಎಂದು ಕೇಳಿದೆ. ಅದು ಮರೆತುಹೋಗಿತ್ತು.