ಆಡಿಯೊಫೈಲ್ ಪವರ್ ಕಾರ್ಡ್

ಆಡಿಯೊಫೈಲ್ ಪವರ್ ಕಾರ್ಡ್ ಎಂಬುದು ಮನೆಯ ಸ್ಟೀರಿಯೊ ವ್ಯವಸ್ಥೆಯ ಆಂಪ್ಲಿಫೈಯರ್, ಸಿಡಿ ಪ್ಲೇಯರ್ ಮೊದಲಾದ ಉಪಕರಣಗಳನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಲು, ಉಪಕರಣದೊಡನೆ ಬರುವ ಸಾಮಾನ್ಯ ತಂತಿಯ ಬದಲಿಗೆ ಬಳಸುವ ದುಬಾರಿ ವಿದ್ಯುತ್ ತಂತಿಯಾಗಿದೆ. ಧ್ವನಿಯ ಗುಣಮಟ್ಟದಲ್ಲಿ ವಿಶೇಷ ಆಸಕ್ತಿಯುಳ್ಳ ಹವ್ಯಾಸಿಗಳನ್ನು ಆಡಿಯೊಫೈಲ್ ಎಂದು ಕರೆಯುವುದರಿಂದ ಈ ಹೆಸರು ಬಂದಿದೆ. ಇಂತಹ ತಂತಿಯನ್ನು ಬಳಸಿದಾಗ ಮಂದ್ರ ಸ್ವರಗಳು ಬಿಗಿಯಾಗುತ್ತವೆ, ಹಿನ್ನೆಲೆ ನಿಶ್ಶಬ್ದವಾಗುತ್ತದೆ, ವಾದ್ಯಗಳು ಒಂದರಿಂದೊಂದು ಬೇರ್ಪಟ್ಟು ಕೇಳಿಸುತ್ತವೆ ಎಂದು ತಯಾರಕರೂ ಅನೇಕ ಬಳಕೆದಾರರೂ ಹೇಳುತ್ತಾರೆ. ಇವುಗಳ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಲಕ್ಷಗಳವರೆಗೂ ಇರುತ್ತದೆ. ಆದುದರಿಂದ ಈ ವ್ಯತ್ಯಾಸ ನಿಜವಾಗಿ ಕಿವಿಗೆ ಕೇಳಿಸುವುದೇ ಎಂಬ ಪ್ರಶ್ನೆ ಹವ್ಯಾಸಿಗಳಲ್ಲಿಯೂ ಎಂಜಿನಿಯರುಗಳಲ್ಲಿಯೂ ದೀರ್ಘಕಾಲದ ಚರ್ಚೆಗೆ ಕಾರಣವಾಗಿದೆ.

ರಚನೆ

ಪವರ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಫೇಸ್, ನ್ಯೂಟ್ರಲ್ ಮತ್ತು ಅರ್ಥ್ ಎಂಬ ಮೂರು ವಾಹಕಗಳಿರುತ್ತವೆ. ಉಪಕರಣದ ಕಡೆಯ ಕನೆಕ್ಟರ್ ಐಇಸಿ 60320 ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ಅನುಗುಣವಾಗಿರುತ್ತದೆ. ಅದರಲ್ಲಿ ಸಿ13 ಮಾದರಿಯು 10 ಆಂಪಿಯರ್, ಸಿ19 ಮಾದರಿಯು 16 ಆಂಪಿಯರ್ ಪ್ರವಾಹಕ್ಕಾಗಿ ನಿಗದಿಯಾಗಿವೆ. ಗೋಡೆಯ ಕಡೆಯ ಪ್ಲಗ್ ಮಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಈ ಏಕರೂಪತೆಯೇ ಆಡಿಯೊಫೈಲ್ ತಂತಿಗಳ ವ್ಯಾಪಾರಕ್ಕೆ ದಾರಿಯಾಯಿತೆನ್ನಬಹುದು. ತಂತಿಯು ಪೆಟ್ಟಿಗೆಯೊಳಗೇ ಬೆಸುಗೆಗೊಂಡಿರುವ ಉಪಕರಣಗಳಲ್ಲಿ ಅದನ್ನು ಬದಲಿಸುವುದು ಸುಲಭವಲ್ಲ. ಕಳಚಬಹುದಾದ ತಂತಿಯನ್ನಾದರೋ ಯಾವ ಸಲಕರಣೆಯೂ ಇಲ್ಲದೆ ಬದಲಿಸಬಹುದು.

ದುಬಾರಿ ತಂತಿಗಳಲ್ಲಿ ದಪ್ಪನೆಯ ತಾಮ್ರ, ಆಮ್ಲಜನಕರಹಿತ ತಾಮ್ರ ಅಥವಾ ಬೆಳ್ಳಿ, ಚಿನ್ನ ಇಲ್ಲವೇ ರೋಡಿಯಮ್ ಲೇಪಿಸಿದ ಪಿನ್ನುಗಳು, ಲೋಹದ ಜಾಲರಿಯ ಕವಚ ಮೊದಲಾದವನ್ನು ಬಳಸುತ್ತಾರೆ. ಹೊಸ ತಂತಿಯು ನೂರಾರು ಗಂಟೆಗಳ ಬಳಕೆಯ ನಂತರವೇ ಹದಕ್ಕೆ ಬರುತ್ತದೆ ಎಂಬ ಹೇಳಿಕೆಯೂ ಉಂಟು. ಅಷ್ಟು ಕಾಲದಲ್ಲಿ ಕೇಳುಗನ ಕಿವಿಯೇ ಆ ಧ್ವನಿಗೆ ಒಗ್ಗಿಹೋಗಿರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ವಿದ್ಯುತ್ತಿನ ದೃಷ್ಟಿಯಿಂದ

ಸ್ಪೀಕರ್ ತಂತಿಯಲ್ಲಿ ಹರಿಯುವಂತೆ ಪವರ್ ಕಾರ್ಡಿನಲ್ಲಿ ಸಂಗೀತದ ಸಂಕೇತ ಹರಿಯುವುದಿಲ್ಲ. ಭಾರತದಲ್ಲಾದರೆ 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತು ಅದರ ಮೂಲಕ ಉಪಕರಣವನ್ನು ತಲುಪುತ್ತದೆ. ಸಾಂಪ್ರದಾಯಿಕ ಆಂಪ್ಲಿಫೈಯರಿನಲ್ಲಿ ಟ್ರಾನ್ಸ್‌ಫಾರ್ಮರ್ ಈ ವೋಲ್ಟೇಜನ್ನು ತಗ್ಗಿಸುತ್ತದೆ, ರೆಕ್ಟಿಫೈಯರ್ ಅದನ್ನು ಏಕಮುಖ ವಿದ್ಯುತ್ತಾಗಿಸುತ್ತದೆ, ದೊಡ್ಡ ಕೆಪಾಸಿಟರುಗಳು ಅದನ್ನು ಸಂಗ್ರಹಿಸಿ ಏರಿಳಿತವನ್ನು ಸಮಗೊಳಿಸುತ್ತವೆ. ಸ್ಪೀಕರಿಗೆ ಬೇಕಾದ ಶಕ್ತಿ ಈ ಸಂಗ್ರಹದಿಂದ ಒದಗುತ್ತದೆ.

ತಂತಿಯ ಪರವಾದ ವಾದಗಳಲ್ಲಿ ಹೆಚ್ಚು ತೂಕವುಳ್ಳದ್ದು ರೆಕ್ಟಿಫೈಯರಿಗೆ ಸಂಬಂಧಿಸಿದುದು. ರೆಕ್ಟಿಫೈಯರ್ ವಿದ್ಯುತ್ತನ್ನು ಸತತವಾಗಿ ಸೆಳೆಯುವುದಿಲ್ಲ. ವೋಲ್ಟೇಜಿನ ಅಲೆಯು ಶಿಖರದ ಬಳಿ ಇರುವ ಅಲ್ಪ ಅವಧಿಯಲ್ಲಿ ಮಾತ್ರ ಸೆಳೆಯುತ್ತದೆ. ಆ ಕ್ಷಣದ ಪ್ರವಾಹವು ಸರಾಸರಿಯ ಹಲವು ಪಟ್ಟು ಇರುವುದರಿಂದ ಕಡಿಮೆ ರೋಧದ ತಂತಿ ಬೇಕೆಂಬುದು ಈ ವಾದ. ಪ್ರವಾಹವು ಹೀಗೆ ಮಿಡಿತಗಳಾಗಿ ಹರಿಯುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿದರೆ ತಂತಿಯ ಪಾಲು ಚಿಕ್ಕದು. 1 ಚದರ ಮಿಲಿಮೀಟರ್ ಅಡ್ಡಕೊಯ್ತದ, ಒಂದೂವರೆ ಮೀಟರ್ ಉದ್ದದ ಸಾಮಾನ್ಯ ತಂತಿಯಲ್ಲಿ ಹೋಗಿಬರುವ ಎರಡು ವಾಹಕಗಳ ಒಟ್ಟು ರೋಧ ಸುಮಾರು 0.05 ಓಮ್. ಮೀಟರ್ ಬೋರ್ಡಿನಿಂದ ಸಾಕೆಟ್ಟಿನವರೆಗೆ ಗೋಡೆಯೊಳಗೆ 15 ಮೀಟರ್ ದೂರ ಸಾಗುವ 1.5 ಚದರ ಮಿಲಿಮೀಟರ್ ತಂತಿಯ ರೋಧ ಸುಮಾರು 0.34 ಓಮ್. ಎರಡೂ ಸೇರಿ 0.39 ಓಮ್ ಆಯಿತು. ಕೊನೆಯ ಒಂದೂವರೆ ಮೀಟರಿಗೆ 4 ಚದರ ಮಿಲಿಮೀಟರಿನ ದಪ್ಪ ತಂತಿಯನ್ನು ಹಾಕಿದರೂ ಮೊತ್ತವು ಸುಮಾರು 0.36 ಓಮ್‌ಗೆ ಇಳಿಯುವುದಷ್ಟೇ. ಟ್ರಾನ್ಸ್‌ಫಾರ್ಮರಿನ ಸುರುಳಿಗಳ ರೋಧವನ್ನೂ ಬೀದಿಯ ಕಂಬದಿಂದ ಮನೆಗೆ ಬರುವ ತಂತಿಯ ರೋಧವನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ. ಸರಬರಾಜಿನ ವೋಲ್ಟೇಜು ದಿನದಲ್ಲಿ ಹಲವು ವೋಲ್ಟ್‌ಗಳಷ್ಟು ಏರಿಳಿಯುತ್ತದೆ. ತಂತಿಯಿಂದಾಗುವ ಬದಲಾವಣೆ ಅದರೆದುರು ಅತ್ಯಲ್ಪ.

ಜಾಲರಿ ಕವಚದ ವಿಷಯ ಸ್ವಲ್ಪ ಬೇರೆ. ಪವರ್ ಕಾರ್ಡು ತೆಳುವಾದ ಸಂಕೇತದ ತಂತಿಗೆ ತಾಗಿಕೊಂಡು ಹಾದುಹೋಗುವ ಇಕ್ಕಟ್ಟಾದ ಜಾಗದಲ್ಲಿ ಕವಚವು ಗದ್ದಲವನ್ನು ತಗ್ಗಿಸಬಲ್ಲದು. ಎರಡನ್ನೂ ಒಂದಡಿ ದೂರವಿಟ್ಟರೂ ಬಹುಮಟ್ಟಿಗೆ ಅದೇ ಫಲ ದೊರೆಯುತ್ತದೆ.

ಕೇಳಿ ಹೋಲಿಸುವ ವಿಧಾನ

ಮನೆಯಲ್ಲಿ ನಡೆಯುವ ಹೋಲಿಕೆ ಸಾಮಾನ್ಯವಾಗಿ ಹೀಗಿರುತ್ತದೆ: ಪರಿಚಿತ ಸಂಗೀತವನ್ನು ಒಮ್ಮೆ ಕೇಳಿ, ಉಪಕರಣವನ್ನು ಆರಿಸಿ, ತಂತಿ ಬದಲಿಸಿ, ಮತ್ತೆ ಕೇಳುವುದು. ಬದಲಾವಣೆ ಕೇಳಿಸಿತೆಂದು ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಕಣ್ಣಿಗೆ ಕಂಡದ್ದು ಕಿವಿಗೆ ಕೇಳುವುದನ್ನು ಬದಲಿಸಬಲ್ಲದು ಎಂಬುದಕ್ಕೆ 1976ರಲ್ಲಿ ಪ್ರಕಟವಾದ ಮೆಗರ್ಕ್ ಪರಿಣಾಮವು ಪ್ರಸಿದ್ಧ ನಿದರ್ಶನ: ತುಟಿಗಳ ಚಲನೆ ಒಂದು ಅಕ್ಷರವನ್ನೂ ಧ್ವನಿಮುದ್ರಣ ಇನ್ನೊಂದನ್ನೂ ಸೂಚಿಸಿದಾಗ ನೋಡುಗರಿಗೆ ಮೂರನೆಯದೇ ಕೇಳಿಸುವುದುಂಟು. ನಿರೀಕ್ಷೆಯೂ ಬೆಲೆಯ ಅರಿವೂ ಇದೇ ರೀತಿ ಗ್ರಹಿಕೆಯಲ್ಲಿ ಬೆರೆಯುತ್ತವೆ. ಎರಡನೆಯ ಬಾರಿ ಕೇಳುವಾಗ ಗಮನವು ಹೊಸ ವಿವರಗಳತ್ತ ಹರಿಯುವುದರಿಂದ, ತಂತಿಯನ್ನು ಬದಲಿಸದಿದ್ದರೂ ಧ್ವನಿ ಬೇರೆಯಾದಂತೆ ತೋರಬಹುದು.

ಇದನ್ನು ನಿವಾರಿಸಲು ಬ್ಲೈಂಡ್ ಟೆಸ್ಟ್ ಎಂದು ಪ್ರಚಲಿತವಾಗಿರುವ ಅಂಧ ಪರೀಕ್ಷೆಯನ್ನು ಬಳಸುತ್ತಾರೆ. ಅದರ ಒಂದು ರೂಪವಾದ ಎಬಿಎಕ್ಸ್ ಪರೀಕ್ಷೆಯ ಮೂಲ 1950ರಲ್ಲಿ ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ ಪ್ರಕಟಿಸಿದ ಲೇಖನದಲ್ಲಿದೆ. ಎ ಮತ್ತು ಬಿ ಎರಡನ್ನೂ ಕೇಳಿಸಿದ ನಂತರ ಅವುಗಳಲ್ಲೊಂದಾದ ಎಕ್ಸ್ ಯಾವುದೆಂದು ಕೇಳುಗನು ಹೇಳಬೇಕು. ಆಕಸ್ಮಿಕವಾಗಿ ಸರಿಯುತ್ತರ ಬರುವ ಸಾಧ್ಯತೆ ಪ್ರತಿ ಸಲವೂ ಅರ್ಧದಷ್ಟಿರುವುದರಿಂದ ಕೆಲವೇ ಸುತ್ತುಗಳು ಸಾಲವು. ಹತ್ತರಲ್ಲಿ ಏಳು ಅಥವಾ ಹೆಚ್ಚು ಸರಿಯುತ್ತರ ಬರಿಯ ಊಹೆಯಿಂದಲೇ ಸುಮಾರು ಶೇ. 17ರಷ್ಟು ಸಂದರ್ಭಗಳಲ್ಲಿ ಬರುತ್ತದೆ. ಹದಿನಾರರಲ್ಲಿ ಹನ್ನೆರಡು ಅಥವಾ ಹೆಚ್ಚು ಬರುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಮನೆಯಲ್ಲಿ ಇದನ್ನು ನಡೆಸಲು ಇಬ್ಬರು ಬೇಕು. ಒಬ್ಬರು ನಾಣ್ಯ ಚಿಮ್ಮಿ ಯಾವ ತಂತಿಯೆಂದು ನಿರ್ಧರಿಸಿ, ಮರೆಯಲ್ಲಿ ಜೋಡಿಸಿ, ಬರೆದಿಟ್ಟುಕೊಳ್ಳಬೇಕು. ತಂತಿ ಬದಲಾಗದ ಸುತ್ತಿನಲ್ಲಿಯೂ ಕಳಚಿ ಹಾಕುವ ಸದ್ದು ಒಂದೇ ಬಗೆಯಾಗಿರಬೇಕು. ಕೊನೆಯ ಸುತ್ತು ಮುಗಿಯುವವರೆಗೆ ಉತ್ತರಗಳನ್ನು ತಾಳೆ ನೋಡಬಾರದು.

ಪವರ್ ಕಾರ್ಡುಗಳನ್ನೇ ಕುರಿತ ಪರೀಕ್ಷೆಗಳಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು 2004ರ ಡಿಸೆಂಬರಿನಲ್ಲಿ ಅಮೆರಿಕದ ‘ಸೀಕ್ರೆಟ್ಸ್ ಆಫ್ ಹೋಮ್ ಥಿಯೇಟರ್ ಅಂಡ್ ಹೈ ಫಿಡೆಲಿಟಿ’ ಪತ್ರಿಕೆ ವರದಿ ಮಾಡಿದ ಪರೀಕ್ಷೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಹವ್ಯಾಸಿಗಳ ಸಂಘದವರು ಇದರಲ್ಲಿ ಭಾಗವಹಿಸಿದ್ದರು. ದುಬಾರಿ ತಂತಿಯನ್ನು ಸಾಮಾನ್ಯ ತಂತಿಯೊಡನೆ ಹೋಲಿಸಿದಾಗ ಬಂದ 149 ಉತ್ತರಗಳಲ್ಲಿ 73 ಸರಿಯಾಗಿದ್ದವು. ಇದು ಶೇ. 49, ನಾಣ್ಯ ಚಿಮ್ಮಿ ಉತ್ತರಿಸಿದ್ದರೂ ಸರಿಸುಮಾರು ಇಷ್ಟೇ ಬರುತ್ತಿತ್ತು.

ಇಂತಹ ಪರೀಕ್ಷೆಗಳ ಬಗ್ಗೆ ಆಕ್ಷೇಪಗಳೂ ಇವೆ. ತಂತಿ ಬದಲಿಸಲು ಹಿಡಿಯುವ ಸಮಯದಲ್ಲಿ ಧ್ವನಿಯ ಸೂಕ್ಷ್ಮ ನೆನಪು ಮಾಸುತ್ತದೆ, ಪರೀಕ್ಷೆಯ ಒತ್ತಡದಲ್ಲಿ ಕಿವಿ ಚುರುಕಾಗಿರುವುದಿಲ್ಲ ಎನ್ನಲಾಗುತ್ತದೆ. ಮೊದಲನೆಯದು ಸರಿಯಾದ ಮಾತು. ಆದರೆ ತಂತಿಯನ್ನು ನೋಡಿಕೊಂಡೇ ಕೇಳುವಾಗಲೂ ಬದಲಿಸಲು ಅಷ್ಟೇ ಹೊತ್ತು ಬೇಕಾಗುತ್ತದೆ. ಆಗ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿ ನೆನಪಿರುವುದೇಕೆ ಎಂಬುದಕ್ಕೆ ಈ ಆಕ್ಷೇಪದಲ್ಲಿ ಉತ್ತರವಿಲ್ಲ. ವ್ಯತ್ಯಾಸವೇ ಇಲ್ಲವೆಂದು ಒಂದು ಪರೀಕ್ಷೆಯಿಂದ ಸಿದ್ಧವಾಗುವುದಿಲ್ಲ ಎಂಬುದೂ ನಿಜವೇ. ಆ ಪರಿಸ್ಥಿತಿಯಲ್ಲಿ ಆ ಕೇಳುಗರು ಗುರುತಿಸಲಾರದೆ ಹೋದರು ಎಂಬುದಷ್ಟೇ ಅದರ ಅರ್ಥ.

ಗುಂಯ್‌ಗುಡುವಿಕೆ ಮತ್ತು ಸುರಕ್ಷತೆ

ವಿದ್ಯುತ್ ಜೋಡಣೆಯಿಂದ ನಿಸ್ಸಂದೇಹವಾಗಿ ಕಿವಿಗೆ ಬೀಳುವ ತೊಂದರೆಯೊಂದಿದೆ. ಅರ್ಥ್ ಇರುವ ಎರಡು ಉಪಕರಣಗಳನ್ನು ಸಂಕೇತದ ತಂತಿಯಿಂದ ಜೋಡಿಸಿದಾಗ, ಅರ್ಥ್ ವಾಹಕಗಳೂ ಆ ತಂತಿಯ ಕವಚವೂ ಸೇರಿ ಒಂದು ಮುಚ್ಚಿದ ಕುಣಿಕೆಯಾಗುತ್ತದೆ. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಅದರಲ್ಲಿ ಹರಿಯುವ ಅಲ್ಪ ಪ್ರವಾಹದಿಂದ ಸ್ಪೀಕರಿನಲ್ಲಿ 50 ಹರ್ಟ್ಸ್ ಮತ್ತು ಅದರ ಗುಣಕಗಳ ಗುಂಯ್‌ಗುಡುವ ಸದ್ದು ಕೇಳಿಸುತ್ತದೆ. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸುವುದರಿಂದ ಅಥವಾ ಸಂಕೇತದ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಳಸುವುದರಿಂದ ಇದು ಸಾಮಾನ್ಯವಾಗಿ ತಗ್ಗುತ್ತದೆ.

ಅರ್ಥ್ ಪಿನ್ನನ್ನು ಕಿತ್ತುಹಾಕಿದರೂ ಸದ್ದು ನಿಲ್ಲಬಹುದು. ಆದರೆ ಇದು ಪ್ರಾಣಾಪಾಯಕಾರಿ. ಒಳಗಿನ ನಿರೋಧಕ ಹೊದಿಕೆ ಕೆಟ್ಟು ಫೇಸ್ ವಾಹಕವು ಲೋಹದ ಪೆಟ್ಟಿಗೆಗೆ ತಗುಲಿದಾಗ, ಅರ್ಥ್ ಇದ್ದರೆ ಫ್ಯೂಸ್ ಅಥವಾ ಬ್ರೇಕರ್ ಕೂಡಲೇ ಸಂಪರ್ಕ ಕಡಿಯುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯನ್ನು ಮುಟ್ಟಿದವರಿಗೆ ಆಘಾತವಾಗುತ್ತದೆ. ಚೌಕದೊಳಗೊಂದು ಚೌಕದ ಗುರುತುಳ್ಳ, ಎರಡು ಪದರ ನಿರೋಧನದ ಉಪಕರಣಗಳಿಗೆ ಮಾತ್ರ ಅರ್ಥ್ ಬೇಕಾಗುವುದಿಲ್ಲ.

ವಿದೇಶದಿಂದ ತರಿಸಿದ ಆಡಿಯೊಫೈಲ್ ತಂತಿಗಳನ್ನು ಭಾರತದಲ್ಲಿ ಬಳಸುವಾಗ ಇನ್ನೊಂದು ಎಚ್ಚರಿಕೆ ಅಗತ್ಯ. ಅಮೆರಿಕದ ಗೃಹಬಳಕೆಯ ಮೂರು ಪಿನ್ನಿನ ಪ್ಲಗ್ 125 ವೋಲ್ಟಿಗೆ ಮಾತ್ರ ನಿಗದಿಯಾದುದು. ಅದನ್ನು ಪರಿವರ್ತಕ ಪ್ಲಗ್ಗಿನ ಮೂಲಕ 230 ವೋಲ್ಟಿನ ಸಾಕೆಟ್ಟಿಗೆ ಹಾಕುವುದು ಸರಿಯಲ್ಲ. ಕೆಲವು ಪರಿವರ್ತಕಗಳಲ್ಲಿ ಅರ್ಥ್ ಸಂಪರ್ಕವೇ ಇರುವುದಿಲ್ಲ. ಭಾರತದ 6 ಮತ್ತು 16 ಆಂಪಿಯರ್ ಪ್ಲಗ್ಗುಗಳಿಗೆ ಐಎಸ್ 1293 ಮಾನಕ ಅನ್ವಯಿಸುತ್ತದೆ.