ಜೂಜಿನ ಯಾದೃಚ್ಛಿಕ ಸಂಖ್ಯೆಗಳ ಪರೀಕ್ಷೆ: ಒಂದು ಚಾರಿತ್ರಿಕ ನೋಟ

ದಾಳ ನ್ಯಾಯವಾಗಿ ಬೀಳುತ್ತದೆಯೇ ಎಂಬುದನ್ನು ಲೆಕ್ಕ ಹಾಕಿ ತೀರ್ಮಾನಿಸುವ ಕ್ರಮ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ವೆಲ್ಡನ್, 12 ದಾಳಗಳನ್ನು ಒಟ್ಟಿಗೆ 26,306 ಸಲ ಉರುಳಿಸಿದ ಫಲವನ್ನು 1894ರಲ್ಲಿ ಸಂಖ್ಯಾಶಾಸ್ತ್ರಜ್ಞ ಗಾಲ್ಟನ್‌ಗೆ ಬರೆದು ಕಳಿಸಿದರು. ಲೆಕ್ಕದ ಪ್ರಕಾರ ಐದು ಅಥವಾ ಆರು 1,05,224 ಸಲ ಬೀಳಬೇಕಿತ್ತು. ಬಿದ್ದದ್ದು 1,06,602 ಸಲ. ಉರುಳಿದ ಪ್ರತಿ ಸಾವಿರ ದಾಳಗಳಿಗೆ ನಾಲ್ಕೈದರಷ್ಟಿದ್ದ ಈ ಹೆಚ್ಚಳ ಆಕಸ್ಮಿಕವೋ, ದಾಳದ್ದೇ ದೋಷವೋ? 1900ರಲ್ಲಿ ಕಾರ್ಲ್ ಪಿಯರ್ಸನ್ ತಮ್ಮ ಕೈ-ಸ್ಕ್ವೇರ್ ಪರೀಕ್ಷೆಯನ್ನು ಮಂಡಿಸುವಾಗ ಈ ಅಂಕಿಗಳನ್ನೇ ಒರೆಗೆ ಹಚ್ಚಿದರು. ಕಂಡ ಎಣಿಕೆಗೂ ನಿರೀಕ್ಷಿತ ಎಣಿಕೆಗೂ ಇರುವ ಅಂತರವನ್ನು ವರ್ಗ ಮಾಡಿ, ನಿರೀಕ್ಷಿತ ಎಣಿಕೆಯಿಂದ ಭಾಗಿಸಿ, ಎಲ್ಲವನ್ನೂ ಕೂಡುವುದು ಇದರ ವಿಧಾನ. ದಾಳಗಳು ನಿರ್ದೋಷಿಗಳಲ್ಲ ಎಂದೇ ಉತ್ತರ ಬಂತು. ಚುಕ್ಕಿಗಳಿಗಾಗಿ ಗುಳಿ ಕೊರೆದಾಗ ಐದು, ಆರರ ಮುಖಗಳು ಎದುರಿನ ಮುಖಗಳಿಗಿಂತ ಹಗುರಾಗಿ ಮೇಲಕ್ಕೆ ನಿಲ್ಲುತ್ತವೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಕ್ಯಾಸಿನೊ ದಾಳಗಳಲ್ಲಿ ಆ ಗುಳಿಗಳನ್ನು ಅಷ್ಟೇ ಸಾಂದ್ರತೆಯ ವಸ್ತುವಿನಿಂದ ತುಂಬುವುದು ಇದೇ ಕಾರಣಕ್ಕೆ.

ಆದರೆ ಪ್ರತಿ ಅಂಕಿ ಸಮಪ್ರಮಾಣದಲ್ಲಿ ಬಂದರಷ್ಟೇ ಸಾಲದು. 0, 1, 2 ಎಂದು ಸರದಿಯಲ್ಲಿ ಬರುವ ಅಂಕಿಗಳೂ ಸಮಪ್ರಮಾಣದಲ್ಲೇ ಇರುತ್ತವೆ. 1938ರಲ್ಲಿ ಸಂಶೋಧಕರಾದ ಕೆಂಡಾಲ್ ಮತ್ತು ಬ್ಯಾಬಿಂಗ್ಟನ್ ಸ್ಮಿತ್ ನಾಲ್ಕು ಪರೀಕ್ಷೆಗಳನ್ನು ಸೂಚಿಸಿದರು: ಬಿಡಿ ಅಂಕಿಗಳ ಆವರ್ತನ, ಅಕ್ಕಪಕ್ಕದ ಜೋಡಿಗಳು, ಒಂದೇ ಅಂಕಿ ಮರಳಿ ಬರುವ ಅಂತರ, ಇಸ್ಪೀಟಿನ ಕೈಗಳಂತೆ ವಿಂಗಡಿಸಿದ ಅಂಕಿಗುಂಪು. ಕೊನೆಯದಕ್ಕೆ ಪೋಕರ್ ಪರೀಕ್ಷೆ ಎಂದೇ ಹೆಸರು. ಜೂಜು ಶಾಸ್ತ್ರಕ್ಕೆ ಕೊಟ್ಟ ಸಾಲ ಇದು.

ಕಂಪ್ಯೂಟರ್ ಬಂದ ಮೇಲೆ ಸಮಸ್ಯೆಯ ಸ್ವರೂಪವೇ ಬದಲಾಯಿತು. ಅದು ಕೊಡುವ ಸಂಖ್ಯೆಗಳು ಸೂತ್ರದಿಂದ ಹುಟ್ಟಿದವು. ಆರಂಭದ ಬೀಜಸಂಖ್ಯೆ ತಿಳಿದರೆ ಮುಂದಿನದೆಲ್ಲ ತಿಳಿದಂತೆ. ಆಗ ಬಹಳ ಬಳಕೆಯಲ್ಲಿದ್ದ ಒಂದು ಬಗೆಯ ಸೂತ್ರದಿಂದ ಬಂದ ಸಂಖ್ಯೆಗಳನ್ನು ಮೂರು ಮೂರಾಗಿ ಬಿಂದುಗಳೆಂದು ಗುರುತಿಸಿದರೆ ಅವು ಮೂರು ಆಯಾಮಗಳ ಅವಕಾಶದಲ್ಲಿ ಕೆಲವೇ ಸಮತಲಗಳ ಮೇಲೆ ಸಾಲುಗಟ್ಟುತ್ತವೆ ಎಂದು ಜಾರ್ಜ್ ಮಾರ್ಸಾಗ್ಲಿಯಾ 1968ರಲ್ಲಿ ತೋರಿಸಿಕೊಟ್ಟರು. 1995ರಲ್ಲಿ ಅವರು 'ಡೈಹಾರ್ಡ್' ಎಂಬ ಪರೀಕ್ಷಾಮಾಲೆಯನ್ನು ಹೊರತಂದರು. ಅಮೆರಿಕದ ನೆವಾಡಾ ರಾಜ್ಯದ ಜೂಜುನಿಯಂತ್ರಕರು ಯಂತ್ರಗಳಿಗೆ 95 ಪ್ರತಿಶತ ವಿಶ್ವಾಸಮಟ್ಟದ ಕೈ-ಸ್ಕ್ವೇರ್ ಪರೀಕ್ಷೆಯನ್ನು ವಿಧಿಸಿದರು. ಆ ಮಟ್ಟದಲ್ಲಿ ಒಂದೇ ಸಲ ಪರೀಕ್ಷಿಸಿದರೆ ಇಪ್ಪತ್ತು ನ್ಯಾಯವಾದ ಯಂತ್ರಗಳಲ್ಲಿ ಸರಾಸರಿ ಒಂದು ಅನುತ್ತೀರ್ಣವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇಂಥ ಪರೀಕ್ಷೆಗಳ ಮಿತಿ ಬಯಲಾದದ್ದು ಮೋಸದ, ಅಚಾತುರ್ಯದ ಪ್ರಕರಣಗಳಿಂದ. 1994ರಲ್ಲಿ ಮಾಂಟ್ರಿಯಲ್ ಕ್ಯಾಸಿನೊದ ಕೀನೊ ಆಟದಲ್ಲಿ ಒಬ್ಬ ಆಟಗಾರ ಬಿದ್ದ 20 ಸಂಖ್ಯೆಗಳಲ್ಲಿ 19ನ್ನು ಸತತ ಮೂರು ಸಲ ಊಹಿಸಿ ಆರು ಲಕ್ಷ ಡಾಲರಿಗೂ ಹೆಚ್ಚು ಗೆದ್ದ. ಯಂತ್ರ ದಿನವೂ ಅದೇ ಬೀಜಸಂಖ್ಯೆಯಿಂದ ಶುರುವಾಗುತ್ತಿತ್ತು. ಒಂದು ದಿನದ ಅಂಕಿಗಳನ್ನಷ್ಟೇ ನೋಡಿದವರಿಗೆ ಅದರಲ್ಲಿ ತಪ್ಪೇನೂ ಕಾಣುವಂತಿರಲಿಲ್ಲ.

1999ರ ಆನ್‌ಲೈನ್ ಪೋಕರ್ ಪ್ರಕರಣ ಇನ್ನೂ ಬೋಧಪ್ರದ. ತನ್ನ ಆಟ ನ್ಯಾಯವಾದದ್ದೆಂದು ತೋರಿಸಲು ತಂತ್ರಾಂಶ ಕಂಪನಿಯೊಂದು ಎಲೆ ಕಲಸುವ ಕ್ರಮವಿಧಿಯನ್ನು ತಾನೇ ಪ್ರಕಟಿಸಿತು. 52 ಎಲೆಗಳನ್ನು ಜೋಡಿಸುವ ಬಗೆಗಳ ಸಂಖ್ಯೆ 68 ಅಂಕಿಗಳಷ್ಟು ಉದ್ದ. ಆದರೆ ಬೀಜಸಂಖ್ಯೆ ಬರುತ್ತಿದ್ದದ್ದು ನಡುರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳಿಂದ, ಅಂದರೆ ದಿನಕ್ಕೆ 8.64 ಕೋಟಿ ಸಾಧ್ಯತೆಗಳು ಮಾತ್ರ. ಸರ್ವರಿನ ಗಡಿಯಾರಕ್ಕೆ ತಮ್ಮದನ್ನು ಹೊಂದಿಸಿಕೊಂಡ ಸಂಶೋಧಕರು ಅದನ್ನು ಸುಮಾರು ಎರಡು ಲಕ್ಷಕ್ಕೆ ಇಳಿಸಿದರು. ಕೈಯಲ್ಲಿದ್ದ ಎರಡು ಎಲೆ, ಮೇಜಿನ ಮೇಲೆ ತೆರೆದ ಮೂರು ಎಲೆ ಗೊತ್ತಾದರೆ ಸಾಕು, ಎದುರಾಳಿಗಳ ಎಲೆಗಳೆಲ್ಲ ಪರದೆಯ ಮೇಲೆ ಮೂಡುತ್ತಿದ್ದವು.

ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆದ 'ಹಾಟ್ ಲೊಟ್ಟೊ' ಲಾಟರಿಯ ಪ್ರಕರಣದಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಲಾಟರಿ ಸಂಘದ ಮಾಹಿತಿಭದ್ರತೆಯ ಹೊಣೆ ಹೊತ್ತಿದ್ದ ಎಡ್ಡಿ ಟಿಪ್ಟನ್, ವರ್ಷದ ಮೂರು ನಿರ್ದಿಷ್ಟ ದಿನಗಳಂದು ಕೆಲವು ಷರತ್ತುಗಳು ಕೂಡಿಬಂದಾಗ ಮಾತ್ರ ಊಹಿಸಬಲ್ಲ ಸಂಖ್ಯೆಗಳು ಬರುವಂತೆ ತಂತ್ರಾಂಶದಲ್ಲಿ ಸಾಲುಗಳನ್ನು ಸೇರಿಸಿದ್ದರು. 2010ರ ಡಿಸೆಂಬರ್ 29ರ ಡ್ರಾದಲ್ಲಿ 1.65 ಕೋಟಿ ಡಾಲರ್ ಬಹುಮಾನದ ಟಿಕೆಟ್ ಅವರು ಕೊಂಡದ್ದೇ. ಉಳಿದ ದಿನಗಳಲ್ಲಿ ಯಂತ್ರ ಸರಿಯಾಗಿಯೇ ನಡೆಯುತ್ತಿದ್ದುದರಿಂದ ಎಷ್ಟು ಲಕ್ಷ ಸಂಖ್ಯೆಗಳನ್ನು ಪರೀಕ್ಷಿಸಿದರೂ ಕೈ-ಸ್ಕ್ವೇರ್‌ಗೆ ಏನೂ ಸಿಗುವಂತಿರಲಿಲ್ಲ. ಟಿಪ್ಟನ್ 2017ರಲ್ಲಿ ತಪ್ಪೊಪ್ಪಿಕೊಂಡರು. 25 ವರ್ಷದವರೆಗಿನ ಸೆರೆವಾಸದ ಶಿಕ್ಷೆಯಾಯಿತು.

ಇಂದಿನ ಪರೀಕ್ಷಾಲಯಗಳು ಹೊರಬಂದ ಸಂಖ್ಯೆಗಳ ಜತೆಗೆ ಮೂಲಕ್ರಮವಿಧಿಯನ್ನು ಸಾಲುಸಾಲಾಗಿ ಓದುತ್ತವೆ. ಬೀಜಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ವಿಚಾರಿಸುತ್ತವೆ. ಒಪ್ಪಿಗೆ ಪಡೆದ ತಂತ್ರಾಂಶದ ಗಣಿತಮುದ್ರೆಯನ್ನು (ಹ್ಯಾಶ್) ಇಟ್ಟುಕೊಂಡು, ಯಂತ್ರದಲ್ಲಿ ಓಡುತ್ತಿರುವುದು ಅದೇ ಹೌದೇ ಎಂದು ತಾಳೆ ನೋಡುತ್ತವೆ.